ಬಸವನಹುಳು ಕಿವಿ

“ನಾನಲ್ಲ ಸಾರ್! ನಿಜವಾಗ್ಲೂ ನಾನಲ್ಲ!”

ಪೆನ್ಸಿಲ್ ಅಳುವುದೊಂದು ಬಾಕಿ. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಹುಡುಗನಿಗೆ ಕ್ಲಾಸಿನಲ್ಲಿ ಅದೇ ಹೆಸರು.

ಸೋಮವಾರ ಯಾರೋ ಹಾಲ್ ಹೊರಗಿನ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ಹೆಡ್‌ಮೇಷ್ಟ್ರ ಚಿತ್ರ ಬಿಡಿಸಿದ್ದರು. ಕುರ್ಚಿಯಲ್ಲೇ ನಿದ್ದೆ, ಬಾಯಿ ಅಗಲ, ಅದರೊಳಗೆ ನೊಣಗಳ ಮೆರವಣಿಗೆ.

“ಇಷ್ಟು ಚೆನ್ನಾಗಿ ಬರೆಯೋನು ಈ ಸ್ಕೂಲಲ್ಲಿ ನೀನೊಬ್ಬನೇ,” ಎಂದರು ಹೆಡ್‌ಮೇಷ್ಟ್ರು. “ಒಪ್ಕೊಳ್ಳೋವರೆಗೂ ಡ್ರಾಯಿಂಗ್ ಕಾಂಪಿಟಿಷನ್ ಮರೆತುಬಿಡು.”

ಕಾಂಪಿಟಿಷನ್ ಇದ್ದದ್ದು ನಾಳೆ.

ಪಕ್ಕದಲ್ಲೇ ನಿಂತಿದ್ದಳು ಅವನ ಬೆಂಚಿನ ಗೆಳತಿ ಚಿನಕುರುಳಿ. ಚಿತ್ರ ಬಿಡಿಸಿದವಳು ಅವಳೇ. ಹೇಳಿದರೆ ಅಪ್ಪನನ್ನು ಕರೆಸುತ್ತಾರೆ, ಹೇಳದಿದ್ದರೆ ಗೆಳೆಯ ಕಾಂಪಿಟಿಷನ್‌ಗೆ ಹೋಗುವಂತಿಲ್ಲ. ಇದರ ನಡುವೆ ಒಂದು ಹೊಟ್ಟೆಕಿಚ್ಚು ಬೇರೆ. ಬಿಡಿಸಿದ್ದು ತಾನು, ‘ಇಷ್ಟು ಚೆನ್ನಾಗಿ’ ಎಂಬ ಹೊಗಳಿಕೆ ಅವನಿಗೆ!

ಅಷ್ಟರಲ್ಲಿ ಬೆಲ್ ಆಯಿತು. ಎಲ್ಲರೂ ಹಾಲ್‌ಗೆ ಓಡಿದರು. ಇವತ್ತು ಮಾತಾಡಲು ಬಂದಿದ್ದವರು ಚಿನಕುರುಳಿಯ ಸೋದರತ್ತೆ. ಅತ್ತೆ ಇತಿಹಾಸದ ಪುಸ್ತಕ ಬರೆಯುತ್ತಾರೆ. ಯುರೋಪಿನ ರೆನೆಸಾನ್ಸ್ ಕಾಲದ ಚಿತ್ರ, ಗುಮ್ಮಟ, ಅರಮನೆಗಳ ಬಗ್ಗೆ ಬಸ್ಸಿನಲ್ಲಿ ಕೂತವರೂ ಓದಿ ನಗುವಂತೆ ಬರೆಯುತ್ತಾರೆ.

ಅತ್ತೆ ಪರದೆಯ ಮೇಲೆ ಒಂದು ಹಳೆಯ ಚಿತ್ರ ತೋರಿಸಿದರು. “ಐನೂರು ವರ್ಷ ಹಳೇದು. ಸಹಿ ಇಲ್ಲ. ಬರೆದೋರು ಯಾರು ಅಂತ ಹೇಗೆ ಕಂಡುಹಿಡಿಯೋದು?”

“ಸಿಸಿಟಿವಿ!” ಎಂದ ಹಿಂದಿನ ಬೆಂಚಿನವನೊಬ್ಬ. ಹಾಲ್ ತುಂಬ ನಗು.

“ಮುಖ ನೋಡ್ಬೇಡಿ,” ಎಂದರು ಅತ್ತೆ. “ಮುಖ ಬರೆಯೋವಾಗ ಎಲ್ಲರೂ ಹುಷಾರಾಗಿರ್ತಾರೆ. ಕಿವಿ ನೋಡಿ, ಉಗುರು ನೋಡಿ. ಅಲ್ಲಿ ಕೈ ತನ್ನ ಪಾಡಿಗೆ ತಾನು ಓಡುತ್ತೆ. ಒಬ್ಬರ ಕಿವಿ ಇನ್ನೊಬ್ಬರ ಥರ ಇರಲ್ಲ.”

ಚಿನಕುರುಳಿ ತಟ್ಟನೆ ತನ್ನ ಕಿವಿ ಮುಟ್ಟಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅದೇ ಕತೆ.

ಹೆಡ್‌ಮೇಷ್ಟ್ರು ಎದ್ದು ನಿಂತರು. “ಮೇಡಂ, ನಮ್ಮಲ್ಲೂ ಒಂದು ಕೇಸಿದೆ!”

ಇಡೀ ಹಾಲ್ ಹೊರಗಿನ ಗೋಡೆಯ ಮುಂದೆ ಸೇರಿತು. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಹೆಡ್‌ಮೇಷ್ಟ್ರ ಕಿವಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿತ್ತು. ಚಿನಕುರುಳಿ ಬಿಡಿಸಿಕೊಟ್ಟ, ಅಂಥದೇ ಕಿವಿಗಳಿರುವ ಬರ್ತ್‌ಡೇ ಕಾರ್ಡುಗಳು ಅತ್ತೆಯ ಬೀರುವಿನ ಬಾಗಿಲ ತುಂಬ ಅಂಟಿಕೊಂಡಿದ್ದವು.

“ಯಾರು ಅಂತ ಗೊತ್ತಾಯ್ತು. ಈ ಹುಡುಗ ಅಲ್ಲ,” ಎಂದರು ಅತ್ತೆ. ಚಿನಕುರುಳಿಯ ಕಡೆ ತಿರುಗಲೇ ಇಲ್ಲ. “ಹೆಸರು ಮಾತ್ರ ಹೇಳಲ್ಲ ಸಾರ್. ಸತ್ತುಹೋದ ಕಲಾವಿದರ ಹೆಸರು ನಾವು ಹುಡುಕ್ಬೇಕು. ಬದುಕಿರೋರು ತಾವೇ ಸಹಿ ಹಾಕ್ತಾರೆ.”

ಚಿನಕುರುಳಿ ಗುಂಪಿನಿಂದ ಮುಂದೆ ಬಂದಳು.

“ಸಾರ್, ಒಂದ್ನಿಮಿಷ ಮಾರ್ಕರ್ ಕೊಡ್ತೀರಾ?”

ನೊಣಗಳ ಕೆಳಗೆ ದುಂಡಗೆ ತನ್ನ ಹೆಸರು ಬರೆದಳು. ಹೆಡ್‌ಮೇಷ್ಟ್ರ ಬಾಯಿ ಥೇಟ್ ಚಿತ್ರದಲ್ಲಿದ್ದಷ್ಟೇ ಅಗಲವಾಯಿತು.

ಆಮೇಲೆ ಆದದ್ದನ್ನು ಕೇಳಬೇಡಿ. ಬೈಗುಳದ ಸುರಿಮಳೆ, ಅಪ್ಪನಿಗೆ ಫೋನ್, ಕೈಗೆ ಬಕೆಟ್ಟು ಮತ್ತು ಬ್ರಷ್. ಪೆನ್ಸಿಲ್‌ಗೆ ಮಾತ್ರ ಕಾಂಪಿಟಿಷನ್ ಮರಳಿ ಸಿಕ್ಕಿತು.

ಸಂಜೆ ಅವಳು ಗೋಡೆ ತಿಕ್ಕುತ್ತಿದ್ದಾಗ ಪೆನ್ಸಿಲ್ ಇನ್ನೊಂದು ಬ್ರಷ್ ಹಿಡಿದು ಬಂದು ಪಕ್ಕದಲ್ಲಿ ತಿಕ್ಕತೊಡಗಿದ.

“ನಾನು ಅಂತ ಗೊತ್ತಾದಾಗ ಶಾಕ್ ಆಯ್ತಾ?” ಎಂದು ಕೇಳಿದಳು ಚಿನಕುರುಳಿ.

“ಸೋಮವಾರನೇ ಗೊತ್ತಿತ್ತು. ದಿನಾ ನಿನ್ನ ಪಕ್ಕ ಕೂರ್ತೀನಲ್ವಾ? ಆ ಕಿವಿ ಗೊತ್ತಿಲ್ವಾ ನಂಗೆ?”

“ಮತ್ತೆ ಸಾರ್‌ಗೆ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂದ್ಕೊಂಡಿದ್ದೆ,” ಎಂದ ಪೆನ್ಸಿಲ್, ತಿಕ್ಕುವುದನ್ನು ನಿಲ್ಲಿಸದೆ.

ಹೆಡ್‌ಮೇಷ್ಟ್ರು ಅಷ್ಟು ಬೈದಾಗಲೂ ಚಿನಕುರುಳಿ ಅತ್ತಿರಲಿಲ್ಲ. ಈಗ ಕಣ್ಣು ಉರಿಯಿತು. ಅವನ ಕೈಯಿಂದ ಬ್ರಷ್ ಕಿತ್ತುಕೊಂಡಳು.

“ಹೋಗೋ, ಮನೆಗೆ ಹೋಗು. ನಾಳೆ ಕೈ ನೋವು ಬಂದ್ರೆ ಹೇಗೆ ಬರೀತೀಯ?”

ಎರಡೂ ಕೈಯಲ್ಲಿ ಒಂದೊಂದು ಬ್ರಷ್ ಹಿಡಿದು ಗೋಡೆ ತಿಕ್ಕತೊಡಗಿದಳು.