ಆಚೆ ದಡದ ಗೆಳತಿ

"ಈ ನಕ್ಷೆ ಮಾಡಿದ್ದು ನೀವೇನಾ?"

ಅವನ ದನಿ! ಅವಳು ನೀರಿನ ಲೋಟ ಕೆಳಗಿಟ್ಟು ತಲೆಯೆತ್ತಿದಳು. ಮೂರು ವರ್ಷದ ಮೇಲೆ... ಅದೂ ಮೇಜಿನ ಆಚೆ ಬದಿಗೆ, ಬೇರೆ ದೇಶದ ನಿಯೋಗದ ಸಾಲಿನಲ್ಲಿ!

ಎರಡು ದೇಶಗಳ ನಡುವೆ ಒಂದೇ ಸರೋವರ. ಅದರ ಮೀನುಗಳು ಸಾಯುತ್ತಿದ್ದವು. ದೇಶಗಳು ಮುನಿಸಿಕೊಂಡಾಗ ನಿಂತ ಜಂಟಿ ಸಂಶೋಧನೆಯನ್ನು ಮತ್ತೆ ಶುರು ಮಾಡುವುದೋ, ಕೈಬಿಡುವುದೋ, ಇಂದು ತೀರ್ಮಾನ.

ಯಾವ ವಿಜ್ಞಾನಿ ಯಾರ ಜೊತೆ ಸೇರಿ ದುಡಿಯುತ್ತಾನೆಂದು ಅಧ್ಯಯನ ಮಾಡುವುದೇ ಅವಳ ಕೆಲಸ. ಎರಡೂ ಕಡೆಯವರ ಹೆಸರಿರುವ ಪ್ರತಿ ಪ್ರಬಂಧಕ್ಕೆ ಅವಳ ನಕ್ಷೆಯಲ್ಲಿ ಒಂದು ಗೆರೆ. ಮುನಿಸಿನ ನಂತರ ಗೆರೆಯೇ ಇಲ್ಲ.

"ಸತ್ತ ಸಂಬಂಧ. ಬಿಟ್ಟುಬಿಡೋಣ," ಎಂದರು ಅವಳ ಸಾಹೇಬರು.

ಊಟದ ಬಿಡುವಿನಲ್ಲಿ ಅವನು ಕಿಟಕಿಯ ಬಳಿ ಬಂದ.

"ಲೆಕ್ಕದಮ್ಮ... ಚೆನ್ನಾಗಿದ್ದೀಯಾ?"

"ಓಹೋ, ಮೀನು ಡಾಕ್ಟರಿಗೆ ನನ್ನ ನೆನಪಿದೆಯಾ? ನಮ್ಮಿಬ್ಬರ ಪ್ರಬಂಧದಿಂದ ನನ್ನ ಹೆಸರು ಕಿತ್ತುಹಾಕಿದಾಗ ಇರಲಿಲ್ಲ!"

"ನಮ್ಮವರ ಜೊತೆ ಹೆಸರು ಬಂದವರನ್ನೆಲ್ಲ ನಿಮ್ಮಲ್ಲಿ ಕೆಲಸದಿಂದ ತೆಗೀತಿದ್ರು. ನಿಮ್ಮಪ್ಪ ಹಾಸಿಗೆ ಹಿಡಿದಿದ್ರು. ಕೇಳಿದ್ರೆ ನೀನು ಒಪ್ತಿದ್ಯಾ? ಹಟಮಾರಿ!"

"ಅಪ್ಪ... ಹೋಗ್ಬಿಟ್ರು."

"ಗೊತ್ತು. ಸುದ್ದಿ ಕೇಳಿ ಹೊರಟಿದ್ದೆ. ಗಡೀಲಿ ವಾಪಸ್ ಕಳಿಸಿದ್ರು."

ಅವಳು ಕಿಟಕಿಯ ಕಡೆ ತಿರುಗಿದಳು. (ಇವನನ್ನು ಬೈದುಕೊಂಡೇ ಕಳೆದೆನಲ್ಲ ಇಷ್ಟು ದಿನ!)

"ಪ್ರಬಂಧದ ಕೊನೇಲಿ ನಾನು ಬರೆದ ಕೃತಜ್ಞತೆ ಓದಲಿಲ್ವಾ?"

"ಮೊದಲ ಪುಟ ನೋಡೇ ಮುಚ್ಚಿಟ್ಟೆ."

"‘ಆಚೆ ದಡದ ಗೆಳತಿಗೆ’ ಅಂತಿತ್ತು. ನಾನೊಬ್ಬನೇ ಅಲ್ಲ ಕಣೇ, ಸರೋವರದ ವಿಜ್ಞಾನಿಗಳೆಲ್ಲ ಹೀಗೇ ಒಬ್ಬರಿಗೊಬ್ಬರು ನೀರಿನ ಮಾಹಿತಿ ಕಳಿಸ್ತಿದ್ದಾರೆ. ಹೆಸರು ಹಾಕದೆ ಕೊನೇಲಿ ಕೃತಜ್ಞತೆ ಹೇಳ್ತಾರೆ, ಅಷ್ಟೇ."

ಅವಳು ಪ್ರಬಂಧಗಳ ತಲೆಯಲ್ಲಿದ್ದ ಹೆಸರುಗಳನ್ನಷ್ಟೇ ಎಣಿಸಿದ್ದಳು. ಸಂಬಂಧದ ಜೀವ ಅವುಗಳ ಕಾಲಬುಡದಲ್ಲಿ ಅಡಗಿ ಕುಳಿತಿತ್ತು...

ಸಭೆ ಮತ್ತೆ ಸೇರಿದಾಗ ಅವಳೇ ಎದ್ದು ನಿಂತಳು.

"ನನ್ನ ನಕ್ಷೆ ತಪ್ಪು. ಸಂಬಂಧ ಸತ್ತಿಲ್ಲ, ಹೆದರಿ ಬಚ್ಚಿಟ್ಟುಕೊಂಡಿದೆ. ಕೃತಜ್ಞತೆಗಳನ್ನೂ ಎಣಿಸಿ ತೋರಿಸ್ತೀನಿ. ಅಲ್ಲೀವರೆಗೂ ಕೈಬಿಡಬೇಡಿ."

"ಯಾರ್ಯಾರು? ಹೆಸರು ಹೇಳಮ್ಮ," ಎಂದರು ಸಾಹೇಬರು.

"ಗೆರೆ ತೋರಿಸ್ತೀನಿ ಸರ್. ಹೆಸರು ಹೇಳಲ್ಲ."

ಸಾಹೇಬರು ಮುಖ ಗಂಟಿಕ್ಕಿದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಷ್ಟೇ. ಗಡಿ ತೆರೆಯಲಿಲ್ಲ, ಆದರೆ ಬಾಗಿಲಿಗೆ ಬೀಗವೂ ಬೀಳಲಿಲ್ಲ.

ಅವನ ನಿಯೋಗದ ಬಸ್ಸು ಹೊರಡಲಿತ್ತು. ಅವಳು ಬಾಗಿಲ ಬಳಿ ಅವನನ್ನು ತಡೆದಳು.

"ಗೆಳತಿ ಅಂತ ಮಾತ್ರ ಬರೆದ್ಯಲ್ಲ... ಪ್ರೀತಿಸ್ತೀನಿ ಅಂತ ಯಾಕೆ ಬರೀಲಿಲ್ಲ?"

"ಪುರಾವೆ ಎಲ್ಲಿ ಅಂತ ಸಂಪಾದಕರು ಕೇಳ್ತಿದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಕೇಳಲಿ. ನಾನೇ ಬಂದು ಸಾಕ್ಷಿ ಹೇಳ್ತೀನಿ."

"ಹೆಸರು ಸಮೇತ?"

"ಹೂಂ... ಇದೊಂದಕ್ಕೆ ಮಾತ್ರ, ಹೆಸರು ಸಮೇತ."