ಎರಡು ಭಾಷೆಯ ಜೈತುನಬಿ

"ನನ್ನ ಹಾಡು ನಿನ್ನ ಬಾಯಾಗ ಹೆಂಗ ಬಂತು? ಹೇಳು! ಯಾರು ಕಲಿಸಿದ್ರು?"

ಜೈತುನಬಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗದರಲು ಹೋದರೆ ಗಂಟಲಿನಿಂದ ಹೊರಟದ್ದು ಒಡಕು ಉಸಿರು ಮಾತ್ರ. ರೊಟ್ಟಿ ಬಡಿಯುತ್ತಾ ಗುನುಗುತ್ತಿದ್ದ ಸೊಸೆ ಮುಬೀನಾಳ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

"ಯಾರೂ ಕಲಿಸಿಲ್ರಿ ಅಮ್ಮಾ... ಮದುವಿ ಆಗಿ ಬಂದಾಗಿಂದ ಕೇಳಾಕತ್ತೇನಲ್ರಿ... ತಾನ ಬಂತ್ರಿ."

"ತಾನ ಬರಾಕ ಅದೇನು ಕೆಮ್ಮೇನು? ಹೊಳಿದಂಡಿ ತಂಗಡಗಿಯಾಕಿ ನೀ. ರೊಟ್ಟಿ ಬಡಿ, ಸಾಕು. ಒಂದು ಮನಿಗೆ ಒಂದ ದನಿ!"

ಆ ಒಂದು ದನಿಯೂ ಈಗ ಮನೆಯಲ್ಲಿ ಉಳಿದಿಲ್ಲ ಎಂಬುದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು! ಚಳಿಗಾಲದಲ್ಲಿ ಗಂಟಲಿನ ಗಂಟು ತೆಗೆಸಿದ ಮೇಲೆ ಜೈತುನಬಿ ಮಾತಾಡಬಲ್ಲಳು, ಹಾಡಲಾರಳು.

ಎಂಥ ದನಿಯಾಗಿತ್ತು ಅದು! ಇಂಡಿ ತಾಲೂಕಿನ ಗಡಿ ಹಳ್ಳಿಯಲ್ಲಿ ಹುಟ್ಟಿ, ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ ಆಡುತ್ತಾ ಬೆಳೆದವಳು, ಪರಕರ ತೊಡುವ ಎಳೆವಯಸ್ಸಿಗೇ ನಾಟಕ ಕಂಪನಿ ಸೇರಿದ್ದಳು. ಸಿಂದಗಿಯಲ್ಲಿ ಒಂದು ತಿಂಗಳು, ಮುದ್ದೇಬಿಹಾಳದಲ್ಲಿ ಒಂದು, ಬಸವನ ಬಾಗೇವಾಡಿಯ ಬಯಲಲ್ಲಿ ಇನ್ನೊಂದು. ಬೇಸಿಗೆ ಬಂತೆಂದರೆ ಸೊಲ್ಲಾಪುರದಾಚೆ ಮರಾಠಿ ನಾಟಕ. ಬಟ್ಟೆಯ ಟ್ರಂಕಿನ ಮೇಲೆ ಮಗ ಹನೀಫನನ್ನು ಮಲಗಿಸಿ, ದೃಶ್ಯ ಮುಗಿದೊಡನೆ ಓಡಿಬಂದು ಹಾಲೂಡಿಸಿ, ಕಣ್ಣಿನ ಕಾಡಿಗೆ ತೀಡಿಕೊಂಡು ಮತ್ತೆ ರಾಣಿಯಾಗಿ ರಂಗಕ್ಕೆ... ಕೂಸನ್ನು ದುಡಿಮೆಯ ಪಕ್ಕದಲ್ಲೇ ಮಲಗಿಸಿ ಬೆಳೆಸಿದ ತಾಯಂದಿರಿಗೆ ಮಾತ್ರ ಗೊತ್ತು ಆ ಓಟ.

ಅವಳದೇ ಒಂದು ಪದ್ಧತಿಯಿತ್ತು. ಹಾಡು ಮೊದಲು ಕನ್ನಡದಲ್ಲಿ. ಜನ 'ಒನ್ಸ್ ಮೋರ್' ಎಂದರೆ ಅದೇ ಹಾಡು ಎರಡನೆಯ ಸಲ ಮರಾಠಿಯಲ್ಲಿ. ಮೋರಟಗಿಯಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು ಮೊದಲನೆಯದಕ್ಕೆ ಸೀಟಿ ಹೊಡೆದರೆ, ಗಡಿಯಾಚೆಯವರು ಎರಡನೆಯದಕ್ಕೆ ಕಾದು ಕೂಡುತ್ತಿದ್ದರು.

ಅಂದೇ ಮಧ್ಯಾಹ್ನ ಕಂಪನಿಯ ಮಾಲೀಕ ಸಂಗಣ್ಣ ಬಂದ. ಇಂಡಿಯಲ್ಲೇ ಜೈತುನಬಿಯ ಕಡೆಯ ನಾಟಕ ಎಂದು ಊರೆಲ್ಲ ಪೋಸ್ಟರ್ ಹಚ್ಚಿಯಾಗಿತ್ತು.

"ಅಕ್ಕಾ, ದನಿ ಇಲ್ಲಂತ ಚಿಂತಿ ಬ್ಯಾಡ. ನಿನ್ನ ಹಳೇ ಕ್ಯಾಸೆಟ್ ಐತಲ್ಲ, ಅದನ್ನ ಹಾಕೂಣು. ನೀ ಬರೇ ಬಾಯಿ ಆಡಸು."

"ನಾ ಸತ್ತ ಮ್ಯಾಲ ಹಾಕು ಕ್ಯಾಸೆಟ್ಟ! ಕುಂತ ಜನರ ಮುಂದ ಹಳಸಿದ್ದು ಬಡಸಲೇನು?"

ಸಂಗಣ್ಣ ತಲೆ ಕೆರೆದುಕೊಂಡು ಹೊರಟುಹೋದ. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಹನೀಫ ತಾಯಿಯ ಕಾಲ ಬಳಿ ಕುಳಿತ.

"ಅಮ್ಮಾ, ಮುಬೀನಾ ಪರದೆ ಮರಿಗೆ ನಿಂತು ಹಾಡ್ತಾಳ. ನಿನ್ನ ಹಾಡು... ಜೀವಂತ ಹಾಡು. ಒಪ್ಪಿಕೋ."

ಕೊನೆಗೆ ಆ ಒಡಕು ದನಿ ಸೊಸೆಯತ್ತ ತಿರುಗಿತು. "ಯಾರಿಗೂ ತಿಳೀಬಾರದು. ನಿನ್ನ ತವರಿಗೂ! ಇಷ್ಟು ವರ್ಷ ಗಳಿಸಿದ್ದು ಒಂದ ಹೆಸರು. ಅದಕ್ಕ ಮಣ್ಣು ಬಿತ್ತಂದ್ರ ಈ ಮನ್ಯಾಗ ನಿನಗ ಅನ್ನ ಇಲ್ಲ."

"ಆತ್ರಿ," ಎಂದಳು ಮುಬೀನಾ. ಅತ್ತೆಯ ಹಾಡನ್ನು ಬಾಯಿಬಿಟ್ಟು ಹಾಡಲು ಸಿಕ್ಕ ಸಂತೋಷವನ್ನು ಎಲ್ಲಿ ಮುಚ್ಚಿಡಬೇಕೋ ಆ ಹುಡುಗಿಗೆ ತಿಳಿಯಲಿಲ್ಲ...

ನಾಟಕದ ದಿನ ಟೆಂಟು ತುಂಬಿತ್ತು. ಮಗಳನ್ನು ಬಿಟ್ಟು ಹೊರಟ ತಾಯಿಯಾಗಿ ಜೈತುನಬಿ ಬೆಳಕಿಗೆ ಬಂದಳು, ತುಟಿ ಆಡಿಸಿದಳು. "ಕದ ತೆರೆದಿಡು ಮಗಳೇ, ನಾಳೆ ನಾ ಬರುವೆ..." ಪರದೆಯ ಮರೆಯ ದನಿ ಟೆಂಟಿನ ಮೂಲೆಮೂಲೆಗೂ ಹರಿಯಿತು. ಬೀಡಿ ಸೇದುತ್ತಿದ್ದವರು ಸೇದುವುದನ್ನೇ ಮರೆತರು.

"ಒನ್ಸ್ ಮೋರ್!" ಹಿಂದಿನಿಂದ ಯಾರೋ ಕೂಗಿದರು. ಮರುಗಳಿಗೆ ಟೆಂಟೆಲ್ಲ ಕೂಗಿತು! ಮುಂದೆ ಕುಳಿತ, ತಲೆಗೆ ಪಟಕಾ ಸುತ್ತಿದ ಮುದುಕನೊಬ್ಬ ಎದ್ದೇ ನಿಂತ. "ಬಾಯೀ, ಆತಾ ಮರಾಠೀತ!"

ಅಯ್ಯೋ! ಎರಡನೆಯ ಸಲ ಮರಾಠಿಯಲ್ಲಿ ಹಾಡಬೇಕೆಂಬ ಈ ಮಾತೊಂದನ್ನು ಮೂವರೂ ಮರೆತಿದ್ದರು. ಈಚೆಗೆ ಜನ ಮೊಬೈಲ್ ಎತ್ತಿ ಹಿಡಿಯುತ್ತಿದ್ದರೇ ಹೊರತು ಒನ್ಸ್ ಮೋರ್ ಎನ್ನುತ್ತಿರಲಿಲ್ಲ. ಹೀಗಾಗಿ ಆ ಹಾಡಿನ ಮರಾಠಿ ರೂಪವನ್ನು ಮುಬೀನಾ ಕೇಳಿಯೇ ಇರಲಿಲ್ಲ. ಹನೀಫನ ಬೆರಳು ಹಾರ್ಮೋನಿಯಂ ಮೇಲೆ ಕಲ್ಲಾದವು. ಪರದೆಯ ಮರೆಯಲ್ಲಿ ಮುಬೀನಾ ಕೈಮುಗಿದು ಅಳುತ್ತಿದ್ದಳು. "ಬರೂದಿಲ್ರಿ ಅಮ್ಮಾ... ನನಗ ಬರೂದಿಲ್ರಿ..."

ಪರದೆ ಬಿಡುವಂತೆ ಹನೀಫ ಸನ್ನೆ ಮಾಡಿದ. ಸುಸ್ತಾಯಿತೆಂದು ಕೈ ಮುಗಿದು ಒಳಗೆ ಹೋಗಿಬಿಟ್ಟರೆ ಮುಗಿಯಿತು, ಹೆಸರು ಉಳಿಯಿತು! ಜೈತುನಬಿ ಕೈ ಜೋಡಿಸಿಯೂ ಬಿಟ್ಟಳು. ಆಗ ಸೊಸೆಯ ಮುಖ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಇಡೀ ಟೆಂಟು ತನ್ನ ಹಾಡಿಗೆ ಒನ್ಸ್ ಮೋರ್ ಎನ್ನುವಾಗ ಕತ್ತಲಲ್ಲಿ ನಿಂತು ಅಳುವ ಹೆಣ್ಣು... ಜೈತುನಬಿ ಪರದೆ ಎಳೆಯುವವನನ್ನು ತಡೆದಳು. ಒಳಗೆ ಕೈ ಚಾಚಿ ಮುಬೀನಾಳ ಮೊಣಕೈ ಹಿಡಿದು ಬೆಳಕಿಗೆ ಎಳೆದು ತಂದಳು.

"ಈಗ ಹಾಡಿದ್ದು ನಾನಲ್ಲ."

"ಮೋಸ!" ಯಾರೋ ಕೂಗಿದರು.

"ಹೌದಪ್ಪಾ, ಮೋಸ. ನನ್ನ ಗಂಟಲ ಹೋಗೈತಿ. ನಿಮ್ಮ ಕಣ್ಣಾಗ ನೀರು ತಂದಾಕಿ ಈಕಿ. ನನ್ನ ಸೊಸಿ, ಮುಬೀನಾ. ಮರಾಠಿ ಬರೂದಿಲ್ಲ, ನಾ ಕಲಿಸಿಲ್ಲ. ಈಗ ಕಲಸ್ತೇನಿ, ಕುಂದ್ರತೀರೇನು?"

ಪಟಕಾದ ಮುದುಕ ಮೊದಲು ಕುಳಿತ. ಜೈತುನಬಿ ಆ ಒಡಕು ಉಸಿರಿನಲ್ಲೇ ಒಂದೊಂದು ಸಾಲು ಹೇಳಿಕೊಟ್ಟಳು. "ದಾರ ಉಘಡಂ ಠೇವ ಗ ಪೋರೀ..." 'ಕದ ತೆರೆದಿಡು' ಎಂಬ ಮೊದಲ ಸಾಲಿಗೇ ಮುಬೀನಾ ತಡವರಿಸಿದಳು.

"ಬಾಯಿ ಪೂರ್ತಿ ತೆಗಿ! ರೊಟ್ಟಿ ತಿನ್ನೂವಾಗ ತೆಗೀತಿ ಅಲಾ, ಹಂಗ!"

ಟೆಂಟು ಗೊಳ್ಳೆಂದು ನಕ್ಕಿತು. ಮುಬೀನಾಳೂ ಅಳುವಿನ ನಡುವೆಯೇ ನಕ್ಕಳು. ಆ ನಗುವಿನಿಂದಲೇ ದನಿ ಬಿಚ್ಚಿಕೊಂಡಿತು...

ನಾಟಕ ಮುಗಿದು ಕೊಬ್ಬರಿ ಎಣ್ಣೆ ಹಚ್ಚಿ ಅತ್ತೆಯ ಬಣ್ಣ ಒರೆಸುವಾಗ ಮುಬೀನಾ ಹೆದರುತ್ತಾ ಕೇಳಿದಳು, "ನಿಮ್ಮ ಹೆಸರು ಕೆಟ್ಟಿತೇನ್ರಿ ಅಮ್ಮಾ?"

"ಕೆಟ್ಟರ ಕೆಡಲಿ. ಎಣ್ಣಿ ಕಣ್ಣಾಗ ಹೋತು, ಸಾವಕಾಶ ಒರಸು." ಕಣ್ಣಲ್ಲಿದ್ದದ್ದು ಎಣ್ಣೆಯಷ್ಟೇ ಆಗಿರಲಿಲ್ಲ.

ಮುಂದಿನ ಮೊಕ್ಕಾಂ ಮುದ್ದೇಬಿಹಾಳ, ಮುಬೀನಾಳ ತವರು ತಂಗಡಗಿಯ ಸೀಮೆ. ಪೋಸ್ಟರಿನ ಮೇಲೆ ಮುಬೀನಾಳ ಹೆಸರು. ಬಾಳೆಲ್ಲ ನಾಟಕದೊಳಗೇ ಕಳೆದ ಜೈತುನಬಿ ಪರದೆಯ ಮುಂಭಾಗದಲ್ಲಿ, ಜನರ ನಡುವೆ ಕುಳಿತದ್ದು ಅದೇ ಮೊದಲು. ಎಷ್ಟು ದೊಡ್ಡದಾಗಿ ಕಾಣುತ್ತದೆ ರಂಗ ಇಲ್ಲಿಂದ! ಸೊಸೆ ಹಾಡತೊಡಗಿದಾಗ ಅವಳ ತುಟಿಯೂ ತಾನಾಗಿ ಆಡಿತು, ಒಡಕು ಉಸಿರು ಹೊರಬಿತ್ತು. ಪಕ್ಕದ ಹೆಂಗಸು ಸಿಡುಕಿ ತಿರುಗಿದಳು.

"ಅಜ್ಜೀ, ಬಾಯಿ ಮುಚ್ಚರಿ ಸ್ವಲ್ಪ! ನಮ್ಮ ತಂಗಡಗಿ ಹುಡುಗಿ ಹಾಡಾಕತ್ತಾಳ, ಕೇಳಸವಲ್ದು!"

"ತಪ್ಪಾತವ್ವಾ," ಎಂದಳು ಜೈತುನಬಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾ ಕುಳಿತಳು.