ಸಾತವ್ವನ ಸಾಲು

ಹಳೆಯ ಕಾಲ. ನಮ್ಮ ಅಜ್ಜನ ಅಜ್ಜನಿಗೂ ನೆನಪಿಲ್ಲದ ಕಾಲ. ಹೊಳೆಯ ಆಚೆ ಮಿಂಚೂರು ಅಂತ ಒಂದು ರಾಜ್ಯ.

ಅಲ್ಲಿನ ಅರಮನೆಯಲ್ಲಿ ಒಂದು ಮಾಯಾ ಗಣಕವಿತ್ತು. ಅದರ ಮುಂದೆ ಕೀಲಿಮಣೆ. ಮಣೆಯ ತುಂಬ ಅಕ್ಷರದ ಕೀಲಿಗಳು. ‘ಮಳೆ’ ಎಂದು ಒತ್ತಿದರೆ ಮಳೆ ಬರುತ್ತಿತ್ತು. ‘ಬೆಳಕು’ ಎಂದು ಒತ್ತಿದರೆ ಊರಿಗೆಲ್ಲ ದೀಪ. ಗಣಕದ ನೆತ್ತಿಯ ಮೇಲೆ ಒಂದು ಹಿತ್ತಾಳೆ ಗಿಳಿ. ಒತ್ತಿದ್ದನ್ನು ಓದಿ ಹೇಳುವುದು ಅದರ ಕೆಲಸ. ತಿಳಿಯದ್ದನ್ನು ಒತ್ತಿದರೆ “ಅಂಥ ಮಾತಿಲ್ಲ” ಎನ್ನುತ್ತಿತ್ತು.

ಆ ಮಣೆ ಕಾಯುವವಳು ಸಾತವ್ವ. ಯಾವ ಕೀಲಿಗೆ ಯಾವ ಅಕ್ಷರ ಬರಬೇಕು ಅನ್ನುವ ಸಾಲು ಹಾಕಿದವಳು ಅವಳೇ. ಅವಳ ಗಂಡ ಮಾಳಿಂಗ, ಹರಿಗೋಲು ಹಾಕುವವನು. ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಅಷ್ಟೇ. ಅವರಿಗೊಬ್ಬ ಸಣ್ಣ ಮಗಳು, ನೀಲವ್ವ.

ಒಂದು ದಿನ ಜ್ವರ ಬಂತು. ಸಾತವ್ವ ಸತ್ತಳು.

ಆ ಊರಿಗೊಂದು ಪದ್ಧತಿ. ಮಣೆ ಕಾಯುವವರು ಸತ್ತರೆ ಸೂತಕ ಕಳೆಯುವ ತನಕ ಮಣೆಗೆ ಬಿಳಿ ಬಟ್ಟೆ ಹೊದಿಸಬೇಕು. ಯಾರೂ ಮುಟ್ಟಬಾರದು. ಸೂತಕ ಕಳೆದ ಮೇಲೆ ರಾಜನೇ ಬಟ್ಟೆ ತೆಗೆದು, ಸತ್ತವರ ಮಗುವಿಗೆ ‘ಬಾಳು’ ಎಂದು ಒತ್ತಿ ಹರಸಬೇಕು.

ಬೂದಿಮಲ್ಲ ಎಂಬ ಮಾಂತ್ರಿಕ ಕಾದು ಕೂತಿದ್ದ. ಬಟ್ಟೆಯ ಅಡಿಗೆ ಕೈ ಹಾಕಿದ. ಸಾಲನ್ನು ಕಲಸಿಬಿಟ್ಟ. ಕೀಲಿಗಳ ಮುಖ ಹಾಗೇ ಇತ್ತು. ಒಳಗಿನ ಅಕ್ಷರ ಬೇರೆಯಾಗಿತ್ತು.

ರಾಜ ವೀರಮಾಳ ಬಟ್ಟೆ ತೆಗೆದ. ನೀಲವ್ವನ ತಲೆ ಸವರಿದ. ‘ನೀಲವ್ವ’ ಎಂದು ಹೆಸರು ಹೇಳಿ, ‘ಬಾಳು’ ಎಂದು ಒತ್ತಿದ.

“ಶಿಲೆ” ಎಂದಿತು ಗಿಳಿ.

ಹುಡುಗಿ ನಿಂತಲ್ಲೇ ಕಲ್ಲಾದಳು.

ರಾಜ ತನ್ನ ಕೈ ನೋಡಿಕೊಂಡ. “ನನ್ನ ಬೆರಳಿಂದಲೇ ಆಯ್ತಲ್ಲೋ ಮಾಳಿಂಗ.”

“ಬೆರಳು ಸರಿ ಇತ್ತು ದೊರೆ. ಮಣೆ ಕೆಟ್ಟದೆ” ಎಂದ ಮಾಳಿಂಗ.

ಅವತ್ತಿನಿಂದ ಮಣೆಯ ಹತ್ತಿರ ಹೋಗಲು ಎಲ್ಲರಿಗೂ ಭಯ. ಬೂದಿಮಲ್ಲ ಒಬ್ಬನೇ ಅದರ ಮುಂದೆ ಕೂತ. ತನ್ನ ಸಾಲು ತನಗೆ ಗೊತ್ತಲ್ಲ. ದಿನಾ ಬೆಳಿಗ್ಗೆ ‘ಹರೆಯ’ ಎಂದು ಒತ್ತಿಕೊಂಡು ಮೀಸೆ ಕಪ್ಪು ಮಾಡಿಕೊಳ್ಳುತ್ತಿದ್ದ. ನೀರು ಬೇಕಾದವರು, ದೀಪ ಬೇಕಾದವರು ಅವನ ಕಾಲು ಹಿಡಿಯಬೇಕಾಯಿತು.

ಮಾಳಿಂಗ ಬಂದು ಮಣೆಯ ಮುಂದೆ ನಿಂತ.

“ಮಗಳನ್ನ ಎಬ್ಬಿಸೋಕೆ ಬಂದ್ಯೇನೋ ಅಂಬಿಗ? ಎಬ್ಬಿಸು, ಎಬ್ಬಿಸು. ನನಗೂ ಹೊತ್ತು ಹೋಗ್ತಿಲ್ಲ” ಎಂದು ಬೂದಿಮಲ್ಲ ಜಾಗ ಬಿಟ್ಟುಕೊಟ್ಟ.

ಮಾಳಿಂಗ ಒಂದೊಂದೇ ಕೀಲಿ ಒತ್ತಿದ. ಗಿಳಿ ಓದಿ ಹೇಳಿದ ಅಕ್ಷರ ಕೇಳಿದ. ಮುಖದ ಮೇಲಿನ ಅಕ್ಷರ ಬೇರೆ ಇದ್ದರೆ ಕೀಲಿಯ ಟೊಪ್ಪಿಗೆ ಕಿತ್ತು, ಸರಿಯಾದದ್ದನ್ನು ತಂದು ಕೂರಿಸಿದ. ಕಡೆಯ ಟೊಪ್ಪಿಗೆ ಕೂರಿಸುವ ಹೊತ್ತಿಗೆ ಬೂದಿಮಲ್ಲ ಒಳಗಿನ ಸಾಲನ್ನು ಮತ್ತೆ ಕಲಸಿದ.

“ನೀನು ಮುಖ ತಿದ್ದು. ನಾನು ಹೊಟ್ಟೆ ಕಲಸ್ತೀನಿ. ಯಾರಿಗೆ ಮೊದಲು ಬೇಜಾರಾಗುತ್ತೆ ನೋಡೋಣ” ಎಂದು ನಕ್ಕ.

ಮಾಳಿಂಗ ಎರಡನೆಯ ಸಲ ಬಂದ. ಈ ಸಲ ಗಿಳಿ ಪಿಸುಗುಟ್ಟಿತು: “ಸಾತವ್ವನ ಸಾಲು ಗಣಕದ ಒಳಗೆ ಹಾಗೇ ಇದೆಯಣ್ಣ. ಹೆಸರು ಒತ್ತಿ ಕರೆ, ಬರುತ್ತೆ.”

ಮಾಳಿಂಗ ಹುಡುಕಿ ಹುಡುಕಿ ‘ಸಾತವ್ವನ ಸಾಲು’ ಎಂದು ಒತ್ತಿದ. ಸಾಲು ಬಂತು. ಮತ್ತೆ ಹುಡುಕಿ ‘ನೀಲವ್ವ’ ಎಂದು ಒತ್ತಿದ. ಕಲ್ಲಿನ ರೆಪ್ಪೆ ಅಲುಗಿತು. ಇನ್ನು ‘ಬಾಳು’ ಒಂದು ಬಾಕಿ. ಅಷ್ಟರಲ್ಲಿ ಬೂದಿಮಲ್ಲ ಗಣಕವನ್ನು ಆರಿಸಿ ಹಚ್ಚಿದ. ಸಾಲು ಹೋಯಿತು. ರೆಪ್ಪೆ ನಿಂತಿತು.

ಮಾಳಿಂಗ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತ. ಗಿಳಿ ಹಾರಿ ಬಂದು ಅವನ ಹೆಗಲೇರಿತು.

“ಹೆಸರು ಒತ್ತಿ ಕರೆದ ಸಾಲು ಗಣಕ ಎಚ್ಚರ ಇರೋ ತನಕ ಮಾತ್ರ ಅಣ್ಣ. ಆರಿದರೆ ಅದೂ ಆರುತ್ತೆ. ಗಣಕದ ಹೊಸಿಲಿನಲ್ಲಿ ಬೂದಿಮಲ್ಲ ಒಂದು ಗಂಟು ಕಟ್ಟಿದ್ದಾನೆ. ಗಣಕ ಎದ್ದಾಗಲೆಲ್ಲ ಆ ಗಂಟು ಸಾಲನ್ನ ಕಲಸುತ್ತೆ.”

“ಬಿಚ್ಚೋದು ಹೆಂಗೆ?”

“ಗಂಟು ಯಾರು ಬೇಕಾದರೂ ಕಟ್ಟಬಹುದು. ಬಿಚ್ಚೋಕೆ ಗಣಕದ ಬೇರು ಕಾಯೋ ಬೇರಜ್ಜನ ಅಪ್ಪಣೆ ಬೇಕು. ಅವನ ಮನೆ ಹೊಳೆಯ ಅಡಿಗಿದೆ. ಬೂದಿಮಲ್ಲ ಅಲ್ಲಿಗೆ ಹೋಗಿಲ್ಲ. ಅಲ್ಲಿ ಬಾಗಿಲು ತೆಗೆಸೋ ಗುಟ್ಟಿನ ಮಾತು ಅವನಿಗೆ ಗೊತ್ತಿಲ್ಲ. ಮಣೆ ಹೊತ್ತುಕೊಂಡು ಹೋಗು.”

ಗುಟ್ಟಿನ ಮಾತು ಮಾಳಿಂಗನಿಗೆ ಗೊತ್ತಿತ್ತು. ಸಾತವ್ವ ಇಟ್ಟದ್ದು. ಮಗಳ ಹೆಸರೇ.

ರಾತ್ರಿ ಬೂದಿಮಲ್ಲ ನಿದ್ದೆ ಹೋದ ಮೇಲೆ ಮಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಗೆ ಇಳಿದ. ನೀರು ಬಾಗಿಲಿನ ಹಾಗೆ ತೆರೆದುಕೊಂಡಿತು. ಒಳಗೊಂದು ಬಾಗಿಲು. ಬಾಗಿಲಿಗೊಂದು ಮೊಸಳೆ.

“ಮಣೆ ಇಲ್ಲಿ ಇಡು. ಗುಟ್ಟಿನ ಮಾತು ಒತ್ತು” ಎಂದಿತು ಮೊಸಳೆ. “ಎರಡು ತಪ್ಪು ಮಾಫಿ. ಮೂರನೇದಕ್ಕೆ ನುಂಗ್ತೀನಿ. ಬೇಸರ ಮಾಡ್ಕೋಬೇಡ, ಕೆಲಸ.”

ಮಾಳಿಂಗ ಕೀಲಿಯ ಮುಖ ನೋಡಿ ನೋಡಿ ‘ನೀಲವ್ವ’ ಒತ್ತಿದ.

“ತಪ್ಪು.”

ಇನ್ನೂ ನಿಧಾನವಾಗಿ, ಇನ್ನೂ ನೋಡಿ ಒತ್ತಿದ.

“ತಪ್ಪು” ಎಂದು ಮೊಸಳೆ ಬಾಯಿ ತೆರೆಯಿತು. “ಮಾತು ಗೊತ್ತಿದೆಯೋ, ಸುಮ್ಮನೆ ಬಂದ್ಯೋ?”

“ಮಾತು ಗೊತ್ತಿದೆ. ತಡಿ.”

ಮಾಳಿಂಗ ಕೂತು ಯೋಚಿಸಿದ. ಬೂದಿಮಲ್ಲ ಇಲ್ಲಿಗೆ ಬಂದಿಲ್ಲ. ಅವನ ಗಂಟು ಇಲ್ಲಿಗೆ ತಾಗುವುದಿಲ್ಲ. ಹಾಗಾದರೆ ಇಲ್ಲಿ ಇನ್ನೂ ಅವಳ ಸಾಲೇ ಇದೆ. ತಪ್ಪಿರುವುದು ಕೀಲಿಯ ಮುಖ. ಅದನ್ನು ಕಿತ್ತು ಅದಲುಬದಲು ಮಾಡಿದವನು ತಾನೇ.

ನೀಲವ್ವ ಹುಟ್ಟಿದ ಹೊಸತು. ಮಗು ಮಲಗಿದರೆ ಮಾತಾಡುವಂತಿಲ್ಲ. ಸಾತವ್ವ ಮಾಳಿಂಗನ ಬೆನ್ನಿನ ಮೇಲೆ ಮಗಳ ಹೆಸರು ಒತ್ತುತ್ತಿದ್ದಳು, ಬೆನ್ನೇ ಮಣೆ ಎನ್ನುವ ಹಾಗೆ. ಏನು ಬರೆದೆ ಹೇಳು ಎಂದು ಕಿವಿಯಲ್ಲಿ ಕೇಳುತ್ತಿದ್ದಳು. ಅವನು ಬೇಕೆಂದೇ ತಪ್ಪು ಹೇಳುತ್ತಿದ್ದ. ಅವಳು ಮತ್ತೆ ಒತ್ತಲಿ ಅಂತ.

ಮಾಳಿಂಗ ಕಣ್ಣು ಮುಚ್ಚಿದ. ಬೆನ್ನಿಗೆ ನೆನಪಿತ್ತು. ಬೆನ್ನು ಹೇಳಿದ ಜಾಗಕ್ಕೆ ಬೆರಳು ಇಟ್ಟ.

ಮೊಸಳೆ ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಿತು.

ಒಳಗೆ ಬೇರಜ್ಜ ಕೂತಿದ್ದ. ಮೈಯೆಲ್ಲ ಬೇರು. “ಏನು ಬೇಕಪ್ಪ?”

“ಹೊಸಿಲಿನ ಗಂಟು ಬಿಚ್ಚಬೇಕು ಅಜ್ಜ. ಇನ್ನು ಯಾರೂ ಕಟ್ಟಬಾರದು.”

“ಆಯಿತು. ಹೋಗಿ ಒಮ್ಮೆ ಆರಿಸಿ ಹಚ್ಚು. ಮತ್ತೇನು ಬೇಕು?”

ಮಾಳಿಂಗ ಕೈ ಮುಗಿದ. “ಸಾತವ್ವ.”

“ಆ ಕೀಲಿ ನನ್ನ ಹತ್ತಿರ ಇಲ್ಲಪ್ಪ.”

“ಗೊತ್ತು. ಕೇಳಿದೆ, ಅಷ್ಟೇ.”

ಮೇಲೆ ಬಂದ. ಮಣೆಯನ್ನು ಜಾಗದಲ್ಲಿಟ್ಟ. ಗಣಕದ ಗುಂಡಿಗೆ ಕೈ ಹಾಕಿದ.

“ಆರಿಸು. ನನ್ನ ಕೆಲಸ ನೀನೇ ಮಾಡ್ತಿದ್ದೀಯ” ಎಂದ ಬೂದಿಮಲ್ಲ.

ಗಣಕ ಆರಿತು. ಊರೆಲ್ಲ ಕತ್ತಲಾಯಿತು. ಮತ್ತೆ ಹಚ್ಚಿದ. ದೀಪಗಳು ಒಂದೊಂದಾಗಿ ಬಂದವು.

ಬೂದಿಮಲ್ಲ ಮುಂದೆ ನುಗ್ಗಿದ. ಮಾಳಿಂಗನನ್ನೂ ಕಲ್ಲು ಮಾಡಲು ಪಟಪಟ ಒತ್ತಿದ. ಅವನ ಬೆರಳು ಅವನ ಸಾಲಿಗೇ ಪಳಗಿತ್ತು.

“ಅಂಥ ಮಾತಿಲ್ಲ” ಎಂದಿತು ಗಿಳಿ.

ಮತ್ತೆ ಒತ್ತಿದ.

“ಅಂಥ ಮಾತಿಲ್ಲ.”

‘ಹರೆಯ’ ಎಂದಾದರೂ ಒತ್ತೋಣ ಎಂದು ನೋಡಿದ.

“ಅಂಥ ಮಾತಿಲ್ಲ ಮುದುಕಪ್ಪಾ” ಎಂದಿತು ಗಿಳಿ.

ಮೀಸೆ ಬೆಳ್ಳಗಾಯಿತು. ಬೆನ್ನು ಬಾಗಿತು. ಬೂದಿಮಲ್ಲ ಗೋಡೆ ಹಿಡಿದು ಕೂತ.

ಮಾಳಿಂಗ ಟೊಪ್ಪಿಗೆಗಳನ್ನು ಕಿತ್ತು ಸಾತವ್ವನ ಸಾಲಿಗೆ ಸರಿಯಾಗಿ ಕೂರಿಸಿದ. ರಾಜನೂ ಪಕ್ಕ ಕೂತು ಒಂದೊಂದೇ ಎತ್ತಿ ಕೊಟ್ಟ. ಮುಗಿದ ಮೇಲೆ ಮಾಳಿಂಗ ಎದ್ದು ಜಾಗ ಬಿಟ್ಟ.

“ಒತ್ತಿ ದೊರೆ.”

“ನಾನು ಬೇಡವೋ. ಕಲ್ಲು ಮಾಡಿದ ಕೈ ಇದು.”

“ಇರಲಿ. ಹರಸೋ ಕೈಯೂ ನಿಮ್ಮದೇ.”

ರಾಜ ಮೊದಲು ‘ನೀಲವ್ವ’ ಒತ್ತಿದ. ಆಮೇಲೆ ‘ಬಾಳು’ ಒತ್ತಿದ.

“ಬಾಳು” ಎಂದಿತು ಗಿಳಿ.

ಕಲ್ಲು ಮೆತ್ತಗಾಯಿತು. ನೀಲವ್ವ ಕಣ್ಣು ಬಿಟ್ಟಳು. “ಅಪ್ಪಾ, ಕಾಲು ಜುಮ್ಮಂತದೆ” ಎಂದಳು. ಮಾಳಿಂಗ ಅಲ್ಲೇ ಕೂತು ಕಾಲು ತಿಕ್ಕಿದ.

ಬೂದಿಮಲ್ಲನನ್ನು ಯಾರೂ ಹೊಡೆಯಲಿಲ್ಲ. ಮಣೆಯ ಧೂಳು ಒರೆಸುವ ಕೆಲಸ ಕೊಟ್ಟರು. ಒರೆಸುವಾಗ ಗಿಳಿ ಅವನ ತಲೆಯ ಮೇಲೇ ಕೂತಿರುತ್ತಿತ್ತು.

ಸ್ವಲ್ಪ ದೊಡ್ಡವಳಾದ ಮೇಲೆ ಮಣೆ ಕಾಯುವ ಕೆಲಸಕ್ಕೆ ನೀಲವ್ವ ಕೂತಳು. ಸಂಜೆ ಮನೆಗೆ ಬಂದರೆ ಮಾಳಿಂಗ ಅವಳ ಬೆನ್ನಿನ ಮೇಲೆ ಬೆರಳಾಡಿಸುತ್ತಿದ್ದ. “ಏನು ಬರೆದೆ ಹೇಳು?” ಎಂದು ಕೇಳುತ್ತಿದ್ದ.

ಅವಳು ಬೇಕೆಂದೇ ತಪ್ಪು ಹೇಳುತ್ತಿದ್ದಳು.

ಮಿಂಚೂರಲ್ಲಿ ಆಮೇಲೆ ಕೇಳಿದಾಗ ಮಳೆ ಬಂತು, ಒತ್ತಿದಾಗ ದೀಪ ಹತ್ತಿತು. ಅವರಿಗೆ ಬೆಳಗಾದ ಹಾಗೆ ನಮಗೂ ಆಗಲಿ.